ನೂರಕ್ಕೆ ಎಂಟು

ಮಾರ್ಚ್ ೪, ಸೋಮವಾರ

ಚೀಟಿ ಹಾಕುವ ದಿನ. ತಿಂಗಳ ಮೊದಲ ಸೋಮವಾರ ನಮ್ಮ ವಿಭಾಗದ ಮೂವರೂ ಬಾಗಿಲು ಹಾಕಿಕೊಂಡು ಕೂರುತ್ತೇವೆ. ಹಿರಿಯರು ಒಂದು ಪ್ರಶ್ನೆ ಕೇಳುತ್ತಾರೆ. ನೂರಕ್ಕೆ ಇಷ್ಟು ಎಂದು ಒಬ್ಬೊಬ್ಬರೂ ಬರೆದು, ಮಡಿಸಿ, ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇವೆ. ಹನ್ನೆರಡು ವರ್ಷದ ರೂಢಿ. ದೇಶದೇಶಗಳ ನಡುವೆ ಏನು ಯಾಕಾಗುತ್ತದೆ ಎಂದು ಪಾಠ ಹೇಳುವವರು ಮುಂದೇನು ಎನ್ನುವುದಕ್ಕೆ ಒಂದು ಅಂಕಿಯನ್ನಾದರೂ ಬರೆದಿಡದಿದ್ದರೆ ನಮಗೂ ಕಣಿ ಹೇಳುವವರಿಗೂ ಏನು ಅಂತರ ಎನ್ನುವುದು ಹಿರಿಯರ ವಾದ. ಸೋತವರು ಚಹಾ ಕೊಡಿಸಬೇಕು.

ಇವತ್ತಿನ ಪ್ರಶ್ನೆ: ಗಡಿಯ ಎರಡೂ ಬದಿ ಸೇನೆ ಬಂದು ನಿಂತಿದೆ. ಮೂವತ್ತು ದಿನದೊಳಗೆ ಯುದ್ಧ ಆಗುತ್ತದೆಯೇ?

ಎಂಟು ಎಂದು ಬರೆದೆ. ಇಪ್ಪತ್ತಾರು ವರ್ಷದಿಂದ ತರಗತಿಯಲ್ಲಿ ಹೇಳುತ್ತ ಬಂದಿರುವುದೇ ಅದು. ವ್ಯಾಪಾರ ಇಷ್ಟೊಂದು ಹೆಣೆದುಕೊಂಡ ಎರಡು ದೇಶಗಳು ಹೊಡೆದಾಡುವುದಿಲ್ಲ. ದಿನಸಿ ತರುವ ಅಂಗಡಿಗೆ ಯಾರೂ ಬೆಂಕಿ ಹಚ್ಚುವುದಿಲ್ಲ. ಈ ಹೋಲಿಕೆಯಿಂದಾಗಿ ಹುಡುಗರು ನನಗೆ ‘ಅಂಗಡಿ’ ಎಂದು ಹೆಸರಿಟ್ಟಿದ್ದಾರೆ. ಹಿರಿಯರಿಗೆ ‘ತಕ್ಕಡಿ’. ಅವರ ಪ್ರಕಾರ ದೇಶಗಳಿಗೆ ಮೇಲೆ ಕೇಳುವವರಿಲ್ಲ, ಅದು ಪೊಲೀಸರಿಲ್ಲದ ಬೀದಿ. ಒಬ್ಬನ ತಟ್ಟೆ ಕೆಳಗಿಳಿಯಿತೆಂದರೆ ಇನ್ನೊಬ್ಬ ಕೈ ಹಾಕಿಯೇ ಹಾಕುತ್ತಾನೆ. ಚೀಟಿ ಬರೆಯುವಾಗ ಅವರು ಎಡಗೈ ಅಡ್ಡ ಹಿಡಿದಿದ್ದರು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ.

ಮಧ್ಯಾಹ್ನ ತಂಗಿಯ ಫೋನು. ಅವಳಿರುವುದು ಹೊಳೆಯ ಆಚೆ ದಡದ ಊರಿನಲ್ಲಿ, ಗಡಿಗೆ ಹದಿನಾಲ್ಕು ಕಿಲೋಮೀಟರು. ಭಾವ ಆ ಊರಿನ ಪಂಪ್‌ಹೌಸಿನಲ್ಲಿ ನೀರು ಬಿಡುವ ಕೆಲಸದಲ್ಲಿದ್ದಾನೆ.

“ಅಣ್ಣಾ, ಎದುರುಮನೆಯವರು ಗಂಟುಮೂಟೆ ಕಟ್ತಿದಾರೆ. ಹೊರಡಬೇಕಾ?”

“ಎಲ್ಲಿಗೆ?”

“ನಿಮ್ಮನೆಗೆ, ಇನ್ನೆಲ್ಲಿಗೆ? ಅತ್ತೆ ಬೆಳಗ್ಗೆಯಿಂದ ಬ್ಯಾಗು ಹಿಡ್ಕೊಂಡು ಕೂತಿದಾರೆ.”

“ಏನೂ ಆಗೋದಿಲ್ಲ ಗುಬ್ಬಿ.”

“ಖಂಡಿತಾನಾ? ನೀನು ಅದನ್ನೇ ಓದಿರೋನು ಅಂತ ಕೇಳ್ತಿದೀನಿ.”

“ಅದನ್ನೇ ಓದಿರೋನು ಹೇಳ್ತಿದೀನಿ. ಆಗೋದಿಲ್ಲ.”

ನನ್ನ ಪುಸ್ತಕದ ಮೂರನೆಯ ಆವೃತ್ತಿ ಜೂನಿಗೆ ಅಚ್ಚಿಗೆ ಹೋಗಬೇಕು. ಕರಡಿನ ಹಾಳೆಗಳು ಒಳಕೋಣೆಯ ಮಂಚದ ಮೇಲೆ, ನೆಲದ ಮೇಲೆ, ಅಧ್ಯಾಯವಾರು ಹರಡಿವೆ. ಯಾರಾದರೂ ಬಂದರೆ ಎತ್ತಬೇಕಾಗುತ್ತಿತ್ತು. ಇದನ್ನು ಯಾಕೆ ಬರೆದೆನೋ.

ಮಾರ್ಚ್ ೯, ಶನಿವಾರ

ನಿನ್ನೆ ಬೆಳಗ್ಗೆ ಆರೂಕಾಲಿಗೆ ಅವರ ವಿಮಾನಗಳು. ಏಳಕ್ಕೆ ನಮ್ಮವು. ಯಾರು ಮೊದಲು ಎನ್ನುವುದರ ಬಗ್ಗೆ ಆಗಲೇ ಎರಡು ಕಥೆಗಳಿವೆ.

ಸುದ್ದಿ ಕೇಳಿದಾಗ ನನಗೆ ಮೊದಲು ಹುಟ್ಟಿದ್ದು ಕುತೂಹಲ. ಬರೆದಿಡುತ್ತೇನೆ, ಇದನ್ನು ಓದುವವನು ನಾನೊಬ್ಬನೇ, ನನ್ನೆದುರು ಮುಖ ತೊಳೆದು ಕೂರಬೇಕಾಗಿಲ್ಲ. ನಾಲ್ಕನೆಯ ಅಧ್ಯಾಯಕ್ಕೆ ಅಪವಾದದ ಒಂದು ಟಿಪ್ಪಣಿ ಬೇಕಾದೀತು ಎಂದುಕೊಂಡೆ. ಆಮೇಲೆ, ಹಲ್ಲುಜ್ಜುವಾಗ, ಗುಬ್ಬಿ.

ಫೋನು ಹೋಗುತ್ತಿಲ್ಲ. ನಿನ್ನೆಯಿಂದ ನಲವತ್ತೊಂದು ಸಲ ಮಾಡಿದೆ. ಭಾವನ ನಂಬರೂ ಅಷ್ಟೇ. ಹೊಳೆಯ ಸೇತುವೆಯನ್ನು ಸೇನೆಯವರು ಮುಚ್ಚಿದ್ದಾರೆ. ಆ ಊರಿಗೆ ಇರುವುದು ಒಂದೇ ಸೇತುವೆ.

ಟೀವಿಯವರು ಫೋನು ಮಾಡಿದ್ದರು, ಸ್ಟುಡಿಯೋಗೆ ಬಂದು ಯಾಕಾಯಿತು ಎಂದು ವಿವರಿಸಬೇಕಂತೆ. ಹೋದೆ. ಹನ್ನೊಂದು ನಿಮಿಷ ಚೆನ್ನಾಗಿ ಮಾತಾಡಿದೆ. ಮುಖಕ್ಕೆ ಹಚ್ಚಿದ ಪೌಡರು ಕಾಲರಿಗೆ ಮೆತ್ತಿಕೊಂಡಿತ್ತು. ಮನೆಗೆ ಬಂದಾಗ ಇವಳು, ನನ್ನ ಹೆಂಡತಿ, ಅದನ್ನು ಉಜ್ಜುತ್ತ ಕೇಳಿದಳು: “ಸೋಮವಾರ ಅವಳು ಫೋನ್ ಮಾಡಿದ್ದಳಲ್ಲ, ಏನು ಕೇಳಿದಳು?”

“ಹೇಗಿದೀರಾ ಅಂತ” ಎಂದೆ.

ಮಾರ್ಚ್ ೧೧, ಸೋಮವಾರ

ಡಬ್ಬಿ ತೆರೆದೆವು. ತಿಂಗಳ ಕೊನೆಗೆ ತೆರೆಯುವುದು ಕ್ರಮ, ಆದರೆ ಉತ್ತರ ಬಂದಾಗಿದೆ. ಕಿರಿಯ ಸಹೋದ್ಯೋಗಿ ಮೂವತ್ತೈದು ಬರೆದಿದ್ದಳು. ದೇಶಗಳು ಒಂದನ್ನೊಂದು ಏನೆಂದು ಕರೆಯುತ್ತವೋ ಕೊನೆಗೆ ಅದೇ ಆಗುತ್ತವೆ ಎನ್ನುವುದು ಅವಳ ನಂಬಿಕೆ. ಎರಡು ವರ್ಷದಿಂದ ಎರಡೂ ಕಡೆಯ ಭಾಷಣಗಳಲ್ಲಿ ಬೈಗುಳ ಎಣಿಸುತ್ತಿದ್ದಾಳೆ. ಹಿರಿಯರ ಚೀಟಿಯಲ್ಲಿ ಎಪ್ಪತ್ತು.

“ಎಪ್ಪತ್ತು!” ಅಂದೆ. “ಯಾರಿಗಾದ್ರೂ ಹೇಳಿದ್ರಾ?”

“ಯಾರಿಗೆ ಹೇಳ್ಲಿ? ಯಾರೂ ಕೇಳ್ಲಿಲ್ಲ.”

“ನಂಗೆ ಹೇಳ್ಬಹುದಿತ್ತು.”

“ಡಬ್ಬಿ ತೆಗೆಯೋ ಮುಂಚೆ ಹೇಳೋ ಹಾಗಿಲ್ವಲ್ಲ ಇವರೇ.”

ಹೇಳಿದ ಮೇಲೆ ಅವರಿಗೇ ಕಸಿವಿಸಿಯಾಯಿತು. ಸಮಾಧಾನಕ್ಕೆಂದು ಮತ್ತೆ ಅವರೇ: “ನೀವು ತಪ್ಪೇನೂ ಬರೆದಿಲ್ಲ. ಎಂಟು ಅಂದ್ರೆ ಸೊನ್ನೆ ಅಲ್ಲ. ನೂರರಲ್ಲಿ ಆ ಎಂಟೂ ಇರುತ್ತೆ. ಅದ್ರಲ್ಲಿ ಒಂದು ಬಂತು.”

ಚಹಾದ ಮಾತು ಯಾರೂ ಎತ್ತಲಿಲ್ಲ. ಅಟೆಂಡರ್ ಮಾತ್ರ ಎಂದಿನಂತೆ ಮೂರು ಲೋಟ ತಂದಿಟ್ಟ. ಕುಡಿದೆವು.

ಮನೆಗೆ ಬಂದು ಹಿರಿಯರ ಸಮಾಧಾನದ ಮಾತನ್ನು ಇವಳಿಗೆ ಒಪ್ಪಿಸಿದೆ. ಜಾಣತನದ ಮಾತು ಎಂದು ನನಗೆ ಅನ್ನಿಸಿತ್ತು.

“ಈ ನೀರು ನೂರು ಸಲ ಕುಡಿದ್ರೆ ಎಂಟು ಸಲ ವಿಷ ಅಂದ್ರೆ ಕುಡೀತೀರಾ?”

“ಅದು ಬೇರೆ.”

“ಏನು ಬೇರೆ? ಗುಬ್ಬಿಗೆ ಎಂಟು ಅಂತ ಹೇಳಿದ್ರಾ?”

“ಇಲ್ಲ.”

“ಮತ್ತೆ ಏನು ಹೇಳಿದ್ರಿ?”

“ಆಗೋದಿಲ್ಲ ಅಂದೆ.”

ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು. ಬೈಯಲಿಲ್ಲ. ಬೈದಿದ್ದರೆ ಅದಕ್ಕೆ ಉತ್ತರ ಕೊಡಬಹುದಿತ್ತು.

ಎಂಟನ್ನು ಸೊನ್ನೆ ಮಾಡಿದ್ದು ಯಾವ ಕ್ಷಣದಲ್ಲಿ ಎಂದು ಹುಡುಕುತ್ತಿದ್ದೇನೆ. ಚೀಟಿ ಬರೆದದ್ದು ಹನ್ನೊಂದು ಗಂಟೆಗೆ, ಫೋನು ಬಂದದ್ದು ಎರಡೂವರೆಗೆ. ನಡುವೆ ಊಟ ಮಾಡಿದ್ದೆ ಅಷ್ಟೆ. ನಮ್ಮ ಲೇಖನಗಳಲ್ಲಿ ಹತ್ತಕ್ಕಿಂತ ಕಡಿಮೆ ಇದ್ದುದನ್ನು ‘ಗಣನೀಯವಲ್ಲ’ ಎಂದು ಬರೆಯುವುದು ವಾಡಿಕೆ. ಕೈ ತಾನಾಗಿ ಬರೆಯುತ್ತದೆ. ಬಾಯಿಯೂ ಕಲಿತುಬಿಟ್ಟಿತ್ತು.

ಮಾರ್ಚ್ ೧೩, ಬುಧವಾರ

ಎರಡನೆಯ ವರ್ಷದವರಿಗೆ ಯುದ್ಧಕ್ಕೆ ಕಾರಣಗಳು ಎನ್ನುವ ಪಾಠ. ವೇಳಾಪಟ್ಟಿಯಲ್ಲಿ ಜನವರಿಯಲ್ಲೇ ಹಾಕಿದ್ದು. ಮನುಷ್ಯನ ಸ್ವಭಾವ, ದೇಶದೊಳಗಿನ ರಾಜಕೀಯ, ದೇಶದೇಶಗಳ ನಡುವಿನ ವ್ಯವಸ್ಥೆ, ಹೀಗೆ ಮೂರು ಮಟ್ಟ. ಬೋರ್ಡಿನ ಮೇಲೆ ಮೂರು ಗೆರೆ ಎಳೆದು ನಿಂತೆ. ಹೊರಗೆ ಹೆಲಿಕಾಪ್ಟರ್ ಹೋಯಿತು. ಎಲ್ಲರೂ ಕಿಟಕಿ ನೋಡಿದರು.

ಹಿಂದಿನ ಬೆಂಚಿನಿಂದ ಒಬ್ಬ: “ಸಾರ್, ಇದು ಪರೀಕ್ಷೆಗೆ ಬರುತ್ತಾ?”

ನಗು. ನಾನೂ ನಕ್ಕೆ. ನನ್ನ ನಗು ನಿಲ್ಲುವುದು ಸ್ವಲ್ಪ ತಡವಾಯಿತು. ಮುಂದಿನ ಬೆಂಚಿನ ಹುಡುಗಿ ತನ್ನ ನೀರಿನ ಬಾಟಲಿಯನ್ನು ಮೇಜಿನ ಮೇಲೆ ತಂದಿಟ್ಟಳು. ಗಂಟೆ ಹೊಡೆಯಲು ಇಪ್ಪತ್ತು ನಿಮಿಷ ಇತ್ತು. ತರಗತಿ ಬಿಟ್ಟುಬಿಟ್ಟೆ.

ಮಾರ್ಚ್ ೧೪, ಗುರುವಾರ

ಸೇತುವೆಯನ್ನು ಬೆಳಗ್ಗೆ ಎಂಟರಿಂದ ಹತ್ತರವರೆಗೆ ತೆರೆದಿದ್ದರಂತೆ. ದಾಟುತ್ತಿದ್ದವರ ನಡುವೆ ಶೆಲ್ ಬಿದ್ದಿದೆ. ಎಷ್ಟು ಜನ ಎಂದು ಯಾರೂ ಹೇಳುತ್ತಿಲ್ಲ. ಹೆಸರುಗಳಿಲ್ಲ.

ಮಾರ್ಚ್ ೧೫, ಶುಕ್ರವಾರ

ಹೆಸರುಗಳಿಲ್ಲ.

ಮಾರ್ಚ್ ೧೭, ಭಾನುವಾರ

ಬಸ್ ನಿಲ್ದಾಣಕ್ಕೆ ಹೋದೆ. ಆ ಕಡೆಯಿಂದ ದಿನಕ್ಕೆ ಮೂರು ಬಸ್ಸು: ಹನ್ನೊಂದೂವರೆ, ನಾಲ್ಕು, ಆರು ಇಪ್ಪತ್ತು. ಮೂರಕ್ಕೂ ನಿಂತೆ. ನನ್ನಂಥವರು ಇಪ್ಪತ್ತು ಮೂವತ್ತು ಜನ. ಬಸ್ಸು ತಿರುಗುವಾಗಲೇ ಎಲ್ಲರೂ ಕಿಟಕಿಗಳ ಜೊತೆ ಓಡುತ್ತಾರೆ. ಇಳಿದವರನ್ನು ಹಿಡಿದು ಬೀದಿಯ ಹೆಸರು ಕೇಳುತ್ತಾರೆ. ಇಳಿದವರಿಗೆ ನೀರು ಬೇಕಾಗಿರುತ್ತದೆ, ಉತ್ತರ ಹೇಳಲು ಮನಸ್ಸಿರುವುದಿಲ್ಲ.

ಪಂಪ್‌ಹೌಸ್ ಬೀದಿ ಎಂದು ನಾನು ಕೇಳಿದ್ದಕ್ಕೆ ಒಬ್ಬ, “ಅದಾ? ಅದಿದೆ” ಎಂದ. ಅಷ್ಟೇ. ಬೀದಿ ಇದೆ. ಮನೆಗೆ ಬರುವವರೆಗೂ ಆ ಎರಡು ಪದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ.

ನಾಳೆಯಿಂದ ಫ್ಲಾಸ್ಕಿನಲ್ಲಿ ನೀರು ಒಯ್ಯಬೇಕು.

ಮಾರ್ಚ್ ೨೦, ಬುಧವಾರ

ಗುಬ್ಬಿ ಫೋನು ಮಾಡಿದಳು. ಮಧ್ಯಾಹ್ನ ಹನ್ನೆರಡೂ ಹತ್ತು. ಪಂಪ್‌ಹೌಸಿನ ಹಳೆಯ ಫೋನಿಗೆ ಜೀವ ಬಂದಿದೆಯಂತೆ. ಹಿಂದೆ ಒಂದೇ ಸಮನೆ ಕಿರುಗುಟ್ಟುವ ಸದ್ದು.

“ಅದೇನು ಸದ್ದು?”

“ಪಂಪು. ಎರಡ್ರಲ್ಲಿ ಒಂದು ಸುಟ್ಟುಹೋಯ್ತು. ಇದೊಂದು ಹೀಗೆ ಅರಚ್ಕೊಂಡು ಓಡ್ತಿದೆ. ಅವರು ಅದರ ಪಕ್ಕದಲ್ಲೇ ಮಲಗೋದು. ಅದಿರಲಿ ಅಣ್ಣಾ, ನಾಳೆ ಸೇತುವೆ ತೆಗೀತಾರಂತೆ. ಎಂಟರಿಂದ ಹತ್ತು. ಹೋದ ವಾರ ಏನಾಯ್ತು ಗೊತ್ತಲ್ಲ. ಹೊರಡೋದಾ ಬೇಡ್ವಾ, ಹೇಳು.”

“ಗೊತ್ತಿಲ್ಲ” ಅಂದೆ.

ಆಮೇಲೆ ಅವಳು ನಕ್ಕಳು. “ಬೇಕಾದಾಗ ಗೊತ್ತಿಲ್ಲ. ಬೇಡದಿದ್ದಾಗ ಟೀವೀಲಿ ಬಂದು ಹೇಳ್ತೀಯ.”

“ನೋಡಿದ್ಯಾ?”

“ಕರೆಂಟು ಇತ್ತು ಅವತ್ತು. ಅತ್ತೆ ನೋಡಿ, ಕಾಲರಿಗೆ ಏನೋ ಮೆತ್ಕೊಂಡಿದೆ ಅಂದ್ರು.”

“ಗುಬ್ಬಿ, ಹೊರಡು.”

“ಖಂಡಿತಾನಾ?”

“ಖಂಡಿತ ಅಲ್ಲ. ಆದ್ರೂ ಹೊರಡು.”

ಆಗ ಹೇಳಿಬಿಟ್ಟೆ. “ಅವತ್ತು ನಾನು ಎಂಟು ಅಂತ ಬರೆದಿದ್ದೆ. ನೀನು ಫೋನ್ ಮಾಡೋಕ್ಕೆ ಮುಂಚೆ. ಯುದ್ಧ ಆಗೋದಕ್ಕೆ ನೂರಕ್ಕೆ ಎಂಟು ಅಂತ.”

“ಎಂಟಾ?”

“ಎಂಟು.”

“ಹಾಗಂತ ಅವತ್ತೇ ಹೇಳಿದ್ರೆ ಅತ್ತೆಯನ್ನಾದ್ರೂ ಕಳಿಸ್ತಿದ್ದೆನಲ್ಲೋ...”

ಲೈನು ಹೋಯಿತು. ಸಂಜೆಯವರೆಗೆ ಆ ನಂಬರಿಗೆ ಮಾಡಿದೆ. ಸಿಗಲಿಲ್ಲ.

ಮಾರ್ಚ್ ೨೧, ಗುರುವಾರ

ಹನ್ನೊಂದೂವರೆಯ ಬಸ್ಸಿನಲ್ಲಿ ಇಲ್ಲ. ಅದರಲ್ಲಿ ಇರುವುದು ಸಾಧ್ಯವೂ ಇರಲಿಲ್ಲ, ಏಳು ತಾಸಿನ ದಾರಿ. ಆದರೂ ಓಡಿದೆ. ನಾಲ್ಕರದ್ದರಲ್ಲಿ ಇಲ್ಲ. ಆರು ಇಪ್ಪತ್ತರ ಬಸ್ಸು ಆರು ಐವತ್ತಕ್ಕೆ ಬಂತು. ಕೊನೆಗೆ ಇಳಿದವರು ತಂಗಿಯ ಅತ್ತೆ. ಎಡಗೆನ್ನೆಯಿಂದ ತಲೆಯ ಸುತ್ತ ಬ್ಯಾಂಡೇಜು. ಕೈಯಲ್ಲೊಂದು ಬಟ್ಟೆಯ ಚೀಲ, ಎದೆಗೆ ಒತ್ತಿ ಹಿಡಿದಿದ್ದರು. ಅವರ ಹಿಂದೆ ಕಂಡಕ್ಟರು ಇಳಿದ.

“ಗುಬ್ಬಿ ಎಲ್ಲಿ?”

“ಈ ಕಡೆ ಬಂದು ಮಾತಾಡಿ ಮೇಷ್ಟ್ರೇ. ಶೆಲ್ ಸಿಡಿದು ಆ ಕಿವಿ ಹೋಯ್ತು.”

ಬಲಗಡೆಗೆ ಬಂದು ಮತ್ತೆ ಕೇಳಿದೆ.

“ಸೇತುವೆ ಬುಡದ ತನಕ ಬಿಟ್ಟು ವಾಪಸ್ ಹೋದಳು.”

“ನಾನು ಹೊರಡು ಅಂದಿದ್ದೆ.”

“ನೀವಂದ್ರಿ, ನಾನಂದೆ, ಅವಳ ಗಂಡನೂ ಕಾಲು ಹಿಡಿಯೋದೊಂದು ಬಾಕಿ. ಎಲ್ಲರ ಮಾತೂ ಕೇಳಿಸ್ಕೊಂಡಳು. ಆಮೇಲೆ ತನಗೆ ಬೇಕಾದ್ದು ಮಾಡಿದಳು. ಒಡಹುಟ್ಟಿದೋರು ನೀವು, ಅವಳ ಬುದ್ಧಿ ಗೊತ್ತಿಲ್ವಾ?”

ಫ್ಲಾಸ್ಕಿನ ನೀರು ಕೊಟ್ಟೆ. ಬೆಂಚಿನ ಮೇಲೆ ಕೂತು ಕುಡಿದರು. ನಾನು ಸೋಮವಾರದ ಮಾತು ಎತ್ತಿದೆ. ಆಗೋದಿಲ್ಲ ಎಂದು ನಾನು ಹೇಳದಿದ್ದರೆ ಎಲ್ಲರೂ ಆವತ್ತೇ ಬರುತ್ತಿದ್ದಿರಿ ಎಂದೆ. ಇದನ್ನು ಹೇಳಲು ಹದಿಮೂರು ದಿನ ತಾಲೀಮು ಮಾಡಿದ್ದೆ.

“ಎಲ್ಲಿ ಬರ್ತಿದ್ವಿ? ಅವನು ಪಂಪು ಬಿಟ್ಟು ಬರೋನಲ್ಲ, ಅವಳು ಅವನನ್ನ ಬಿಟ್ಟು ಬರೋಳಲ್ಲ. ನಿಮ್ಮ ಮಾತಿಗೆ ಅವರ್ಯಾರೂ ಉಳೀಲಿಲ್ಲ ಮೇಷ್ಟ್ರೇ, ನೀವದನ್ನ ತಲೆಗೆ ಹಚ್ಕೋಬೇಡಿ.” ಲೋಟದ ತಳದ ನೀರನ್ನು ಅಲ್ಲಾಡಿಸಿ ಕುಡಿದರು. “ನಿಮ್ಮ ಮಾತಿಗೆ ಉಳಿದೋಳು ನಾನು. ಅಣ್ಣ ಹೇಳಿದಾನೆ ಅಂತ ಬ್ಯಾಗು ಬಿಚ್ಚಿಸಿದಳು.”

ನನ್ನ ಲೆಕ್ಕದಲ್ಲಿ ಈ ಹೆಂಗಸು ಎಲ್ಲೂ ಇರಲಿಲ್ಲ. ಹದಿಮೂರು ದಿನದಲ್ಲಿ ಒಂದು ಸಲವೂ.

ಮನೆಗೆ ಬರುವಷ್ಟರಲ್ಲಿ ಇವಳು ಒಳಕೋಣೆಯ ಮಂಚ ಖಾಲಿ ಮಾಡಿ ಹಾಸಿಗೆ ಹಾಸಿದ್ದಳು. ಹಾಳೆಗಳನ್ನು ಎಲ್ಲಿಟ್ಟಿದ್ದಾಳೋ ಕೇಳಿಲ್ಲ.

ಮಾರ್ಚ್ ೨೨, ಶುಕ್ರವಾರ

ಬಟ್ಟೆಯ ಚೀಲದಲ್ಲಿದ್ದದ್ದು ಒಂದು ಬೇರಿಂಗು, ಪಂಪಿನ ಅಚ್ಚು ತಿರುಗುವ ಉಕ್ಕಿನ ಬಳೆ. ಸುಟ್ಟ ಪಂಪಿನಿಂದ ಬಿಚ್ಚಿದ್ದು, ನೀಲಿಗಟ್ಟಿದೆ. ಓಡುತ್ತಿರುವ ಪಂಪಿನದೂ ಇದೇ ಅಳತೆ. ಅದು ಅರಚುತ್ತಿರುವುದೇ ಅದರ ಬೇರಿಂಗು ಸವೆದಿದ್ದಕ್ಕೆ. ಭಾವನ ಅಂದಾಜಿಗೆ ಇನ್ನು ಹತ್ತು ದಿನ. ಆಮೇಲೆ ಊರಿಗೆ ನೀರಿಲ್ಲ, ಆಸ್ಪತ್ರೆಗೂ ಇಲ್ಲ. ಬಾವಿಗಳು ಹೊಳೆಯ ದಂಡೆಯಲ್ಲಿವೆ, ಅಲ್ಲಿಗೆ ಹೋದವರ ಮೇಲೆ ಗುಂಡು ಬೀಳುತ್ತದೆ.

“ಇದನ್ನ ತೋರಿಸಿದ್ರೆ ಅಂಗಡಿಯೋರು ಕೊಡ್ತಾರೆ ಅಂದ” ಎಂದರು ಅಮ್ಮ. ತಂಗಿಯ ಅತ್ತೆಯನ್ನು ನಾನು ಅಮ್ಮ ಎಂದು ಕರೆಯತೊಡಗಿದ್ದು ಯಾವಾಗಲೋ.

ಮಾರ್ಚ್ ೨೩, ಶನಿವಾರ

ಆರು ಅಂಗಡಿ. ಮೊದಲನೆಯವನು ಬೇರಿಂಗನ್ನು ಬೆರಳಲ್ಲಿ ತಿರುಗಿಸಿ, ಅಂಚಿನ ಅಕ್ಷರ ಓದಿ, ವಾಪಸು ಇಟ್ಟ.

“ಇದು ಆ ಕಡೆ ಮಾಲು ಸಾರ್. ಬರೋದು ನಿಂತು ಹದಿನೈದು ದಿನ ಆಯ್ತು.”

“ಆ ಕಡೆ ಅಂದ್ರೆ?”

“ಆ ಕಡೆ ಅಂದ್ರೆ ಆ ಕಡೆ. ಯಾರ ಜೊತೆ ಹೊಡೆದಾಡ್ತಿದೀವೋ ಅವರದ್ದೇ. ಇಷ್ಟು ವರ್ಷ ಎಲ್ಲಿಂದ ಬರ್ತಿತ್ತು ಅನ್ಕೊಂಡಿದ್ರಿ?”

ಎರಡು ದೇಶಗಳ ನಡುವಿನ ವ್ಯಾಪಾರದ ಬಗ್ಗೆ ನಾಲ್ಕನೆಯ ಅಧ್ಯಾಯದಲ್ಲಿ ಹದಿಮೂರು ಕೋಷ್ಟಕಗಳಿವೆ. ‘ಯಂತ್ರಭಾಗಗಳು’ ಎನ್ನುವ ಸಾಲೂ ಇದೆ. ನಾನೇ ತುಂಬಿಸಿದ್ದು.

ಐದನೆಯ ಅಂಗಡಿಯ ಮುದುಕ, ಇಂಥದ್ದೇ ಬೇರೆ ಕಂಪನಿಯದು ಆಗುತ್ತದೆ, ಒಳವ್ಯಾಸ ನಲವತ್ತೈದು, ಹೊರವ್ಯಾಸ ನೂರು ಇದ್ದರೆ ಸಾಕು ಎಂದು ಚೀಟಿ ಬರೆದುಕೊಟ್ಟ. ದಪ್ಪ ಇಪ್ಪತ್ತೈದು. ಮಿಲಿಮೀಟರಿನಲ್ಲಿ. ಆರನೆಯ ಅಂಗಡಿಯಲ್ಲಿ ಹಿಂದಿನ ಕಪಾಟು ಹುಡುಕಿದರು, ಎಣ್ಣೆಕಾಗದ ಸುತ್ತಿದ ಎರಡು ಸಿಕ್ಕವು. ಅಂಗಡಿಯವಳು ಅಳತೆಕಡ್ಡಿ ಹಿಡಿದು ತೋರಿಸಿದಳು: ನಲವತ್ತೈದು. ನೂರು. ಇಪ್ಪತ್ತೈದು.

“ಏನ್ ಸಾರ್, ಯಾಕೆ ಅಳ್ತಿದೀರಿ? ಸರಿಯಾಗೇ ಇದೆಯಲ್ಲ!”

ಅಳುತ್ತಿರಲಿಲ್ಲ. ಎಣ್ಣೆಯ ಘಾಟು.

ಮಾರ್ಚ್ ೨೫, ಸೋಮವಾರ

ಪರಿಹಾರ ಕಚೇರಿಯಲ್ಲಿ ಮೂರು ತಾಸು ಸಾಲು. ಔಷಧಿ, ಬಟ್ಟೆ, ಹಾಲಿನ ಪುಡಿ ಒಯ್ಯುತ್ತಾರೆ. ಕಬ್ಬಿಣದ ಸಾಮಾನು ಒಯ್ಯುವುದಿಲ್ಲ. ನಾನು ವಾದಿಸಿದೆ. ಕೌಂಟರಿನವನು ತಾಳ್ಮೆಯಿಂದ ಕೇಳಿಸಿಕೊಂಡು, “ನೀವು ಹೇಳೋದು ಸರೀನೇ ಸಾರ್, ಮುಂದಿನೋರು ಬನ್ನಿ” ಎಂದ. ಮನೆಯವರು ಒಳಗೆ ಸಿಕ್ಕಿಕೊಂಡಿದ್ದರೆ, ಗುರುವಾರ ಸೇತುವೆ ತೆರೆದಾಗ ಆ ಕಡೆಗೂ ಜನರನ್ನು ಬಿಡುತ್ತಾರಂತೆ. ಕೈಯಲ್ಲಿ ಹಿಡಿಯುವಷ್ಟು ಸಾಮಾನು.

ವಿಭಾಗಕ್ಕೆ ಹೋಗಿ ರಜೆ ಅರ್ಜಿ ಕೊಟ್ಟೆ. ಹಿರಿಯರು ಎರಡು ಸಲ ಓದಿದರು.

“ಮೂರನೇ ಆವೃತ್ತಿ?”

“ನೋಡೋಣ.”

“ನೀವು ಹೋಗೋದ್ರಿಂದ ಯುದ್ಧಕ್ಕೆ ಏನು ವ್ಯತ್ಯಾಸ ಆಗುತ್ತೆ ಇವರೇ?”

“ಏನೂ ಆಗಲ್ಲ.”

ಅವರು ಇನ್ನೂ ಏನನ್ನೋ ಕಾಯುತ್ತಿದ್ದರು, ಮುಂದಿನ ವಾಕ್ಯವನ್ನು. ನಾನು ಪೆನ್ನಿನ ಮುಚ್ಚಳ ಹಾಕಿ ಎದ್ದೆ.

ಮಾರ್ಚ್ ೨೬, ಮಂಗಳವಾರ

ಇವಳ ಜೊತೆ ಜಗಳ. ಬೆಳಗ್ಗೆ ಶುರುವಾದದ್ದು ಮಧ್ಯಾಹ್ನದವರೆಗೆ.

“ನೀವೇನು ಫಿಟ್ಟರಾ? ಮನೇಲಿ ಬಲ್ಬು ಹಾಕೋಕ್ಕೆ ಪ್ರತಿ ಸಲ ಪಕ್ಕದ ಮನೆಯೋರನ್ನ ಕರೀತೀವಿ.”

“ಭಾವ ಹಾಕ್ತಾನೆ. ನಾನು ಕೊಡೋದು ಅಷ್ಟೇ.”

“ಕೊಟ್ಟು? ಅವಳನ್ನ ಕರ್ಕೊಂಡು ಬರ್ತೀರಾ?”

“ಬರಲ್ಲ ಅವಳು.”

“ಮತ್ತೆ!”

ಒಳಗಿನಿಂದ ಅಮ್ಮ, “ಯಾರಿಗೆ ಬೈತಿದೀಯೇ, ಈ ಕಡೆ ಬಂದು ಬೈ, ನಂಗೂ ಕೇಳಿಸ್ಲಿ” ಎಂದರು. ಇವಳಿಗೆ ನಗು ಬಂತು, ನಗುತ್ತಲೇ ಅತ್ತಳು. ಆಮೇಲೆ ನನ್ನ ದಪ್ಪ ಸಾಕ್ಸು ಹುಡುಕಿ ತಂದು, ಬೇರಿಂಗುಗಳನ್ನು ಒಂದೊಂದು ಸಾಕ್ಸಿನೊಳಗೆ ಇಳಿಸಿ ಗಂಟು ಹಾಕಿದಳು. ಮಳೆ ನೀರು ತಾಗಬಾರದಂತೆ. ಮಳೆಯ ಸೂಚನೆ ಏನೂ ಇಲ್ಲ.

ಮಾರ್ಚ್ ೨೮, ಗುರುವಾರ

ಬೆಳಗ್ಗೆ ಏಳೂಮುಕ್ಕಾಲು. ನಿನ್ನೆ ಬಂದು ಸೇತುವೆ ಹತ್ತಿರದ ಶಾಲೆಯಲ್ಲಿ ಉಳಿದೆ. ಈಗ ಸಾಲಿನಲ್ಲಿದ್ದೇನೆ. ಬರುವವರ ಸಾಲು ಆ ದಡದಲ್ಲಿ, ಉದ್ದ, ಕಪ್ಪಗೆ ಕಾಣುತ್ತದೆ. ಹೋಗುವವರು ನಾವು ಹತ್ತೊಂಬತ್ತು ಜನ. ನನ್ನ ಮುಂದಿನವಳು ಎರಡು ಬಕೆಟ್ ಹಿಡಿದಿದ್ದಾಳೆ, ಒಂದರೊಳಗೊಂದು.

ಬಯಲಿನಲ್ಲಿ ಶಾಲೆಯ ಮೇಜು ಹಾಕಿಕೊಂಡು ಒಬ್ಬ ಸೈನಿಕ ದಪ್ಪ ಪುಸ್ತಕದಲ್ಲಿ ಬರೆಸಿಕೊಳ್ಳುತ್ತಾನೆ. ಹೆಸರು, ವಯಸ್ಸು, ಕಸುಬು, ಹೋಗುವ ಕಾರಣ, ವಾಪಸು ಬರುವ ದಿನ. ಕಾರಣ ಬರೆಯುವ ಜಾಗ ಹೆಬ್ಬೆರಳಿನ ಅಗಲ. ‘ಬೇರಿಂಗ್ ಕೊಡಲು’ ಎಂದು ಬರೆದೆ. ಅಷ್ಟು ಜಾಗದಲ್ಲಿ ಹಿಡಿಸಿತು. ಕೊನೆಯ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಬರೆದೆ. ಮೇಲಿನವರೆಲ್ಲ ಅದನ್ನೇ ಬರೆದಿದ್ದರು.

“ಮೇಷ್ಟ್ರಾ?” ಎಂದ ಸೈನಿಕ. “ಏನು ಪಾಠ ಮಾಡ್ತೀರಿ?”

ಹೇಳಿದೆ.

“ಹೌದಾ! ಹಾಗಾದ್ರೆ ಹೇಳಿ ಸಾರ್, ಇದೆಲ್ಲ ಯಾವಾಗ ಮುಗಿಯುತ್ತೆ?”

ಅವನಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ತುಟಿ ಒಡೆದಿತ್ತು. ನಿಜವಾಗಿಯೂ ಕೇಳುತ್ತಿದ್ದ. ಹೇಳುವುದಕ್ಕೆ ನನ್ನ ಬಳಿ ಏನೂ ಇಲ್ಲ ಎಂದೆ. ನಾನು ಈ ಸೇತುವೆ ದಾಟಿದವನಲ್ಲ, ಹೇಗೆ ಹೋಗಬೇಕು ನೀನೇ ಹೇಳಪ್ಪ ಎಂದು ಕೇಳಿದೆ.

ಅವನು ಎದ್ದು ನಿಂತು ಕೈ ತೋರಿಸಿ ಹೇಳಿದ. ಅವನು ಹೇಳಿದ್ದನ್ನು ಮರೆಯದಿರಲು ಬರೆದುಕೊಳ್ಳುತ್ತಿದ್ದೇನೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಹತ್ತು ಹೆಜ್ಜೆ ಬಿಡಬೇಕು. ಬಲಗಡೆ ಕಂಬಿ ಇಲ್ಲ, ಎಡಗಡೆ ಹಿಡಿದು ನಡೆಯಬೇಕು. ಸದ್ದು ಕೇಳಿದರೆ ನಿಲ್ಲಬಾರದು, ಹಿಂದೆ ತಿರುಗಬಾರದು. ನಡುವೆ ತೂತು ಬಿದ್ದಲ್ಲಿ ತಗಡು ಹಾಸಿದ್ದಾರೆ, ಇಬ್ಬನಿಗೆ ಜಾರುತ್ತದೆ. ತಗಡಿನ ಮೇಲೆ ಮಾತ್ರ ಓಡಬಾರದು.